ಕೈಗೆ ಭಾರ ಸಿಗುವ ದುರ್ಬೀನು

ನಡೆದುಕೊಂಡು ಬೇಟೆಯಾಡುವವನಿಗೆ ಎಂಥ ದುರ್ಬೀನು ಬೇಕು ಎಂದು ನಮ್ಮ ಅರಬಿ ಧಣಿ ಯಾರನ್ನು ಬೇಕಾದರೂ ಕೇಳಬಹುದಿತ್ತು. ನನ್ನನ್ನು ಕೇಳಿದರು. ಬೇಟೆಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಊರಿನ ಯಕ್ಷಗಾನದಲ್ಲಿ ಕಂಡದ್ದು. ಅಲ್ಲಿ ಬೇಟೆಗೆ ಹೊರಟವರು ಅರ್ಧ ಗಂಟೆ ಕುಣಿದು ಅಬ್ಬರಿಸಿ, ಪ್ರಾಣಿಗಳಿಗೆ ಓಡಿಹೋಗಲು ಬೇಕಾದಷ್ಟು ಸಮಯ ಕೊಡುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಹರೈನಿನ ಮನಾಮಾದ ಹಳೆಯ ಪೇಟೆಯಲ್ಲಿ ಧಣಿಯ ಅಂಗಡಿ. ವಾಚು, ಕ್ಯಾಮೆರಾ, ಟೇಪ್ ರೆಕಾರ್ಡರ್, ದುರ್ಬೀನು ಮಾರುತ್ತಿದ್ದೆವು. ಧಣಿ ಅದುವರೆಗೆ ಜೀಪಿನಲ್ಲಿ ಕೂತು ಮೊಲದ ಬೇಟೆಗೆ ಹೋಗುತ್ತಿದ್ದ ಮನುಷ್ಯ. ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೆಯಲೇಬೇಕು ಎಂದರು. ಸುಮ್ಮನೆ ನಡೆಯುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಧಣಿ ಭಾವಿಸಿದ್ದರು. ಹಾಗಾಗಿ ಶುಕ್ರವಾರ ಬೆಳಿಗ್ಗೆ ನಾಯಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲೇ ಬೇಟೆ ಎಂದು ತೀರ್ಮಾನವಾಯಿತು.

"ಒಳ್ಳೆಯದೊಂದು ನೋಡಿ ಆರಿಸು," ಎಂದರು.

ನಾನು ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಾರಣವಿತ್ತು. ಮದುವೆಯಾಗಿ ಹೆಂಡತಿಯನ್ನು ಊರಿನಲ್ಲೇ ಬಿಟ್ಟು ಬಂದಿದ್ದೆ. ಅವಳ ವೀಸಾದ ಕಾಗದಕ್ಕೆ ಧಣಿಯ ಸಹಿ ಬೇಕಿತ್ತು. ಕೇಳಿದಾಗಲೆಲ್ಲ "ಬುಕ್ರಾ" ಎನ್ನುತ್ತಿದ್ದರು. ಬುಕ್ರಾ ಎಂದರೆ ನಾಳೆ. ಆ ನಾಳೆ ಬರುತ್ತಲೇ ಇರಲಿಲ್ಲ. ದುರ್ಬೀನು ಅವರ ಮನಸ್ಸಿಗೆ ಹಿಡಿಸಿದರೆ ಸಹಿಯೂ ಬಿದ್ದೀತು ಎಂದು ನಾನು ಆಸೆಪಟ್ಟೆ.

ಪೇಟೆಗೆ ಹತ್ತಿರದ ಹೂರಾದಲ್ಲಿ ನನ್ನ ಜೊತೆ ಕೋಣೆಯಲ್ಲಿದ್ದವನು ಸಿತ್ರಾದ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಮನೆಮಾತು ಕೊಂಕಣಿ, ನನ್ನದು ತುಳು. ಆದ್ದರಿಂದ ನಮ್ಮ ಜಗಳವೆಲ್ಲ ಕನ್ನಡದಲ್ಲಿ. ಎರಡು ದುರ್ಬೀನು ತಂದು ಅವನ ಮುಂದಿಟ್ಟೆ. ಒಂದು ಅಂಗೈಯಗಲದ್ದು, ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಇನ್ನೊಂದು ಇಪ್ಪತ್ತು ಪಟ್ಟಿನದು, ರುಬ್ಬುವ ಗುಂಡುಕಲ್ಲಿನ ಹಾಗಿತ್ತು.

ಅವನು ಚಿಕ್ಕದನ್ನು ಎತ್ತಿ ತಕ್ಷಣ ಕೆಳಗಿಟ್ಟ. "ಇದೆಂತ ಮಾರಾಯ, ಮಕ್ಕಳ ಆಟಿಕೆಯಾ? ಕೈಗೆ ಭಾರವೇ ಸಿಗುದಿಲ್ಲ."

ಮಾತು ನನಗೂ ಸರಿ ಕಂಡಿತು. ನಮ್ಮ ಕಡೆ ಹಂಡೆ, ಕೊಡಪಾನ, ಬಂಗಾರದ ಬಳೆ ಯಾವುದೇ ಕೊಳ್ಳಲಿ, ಮೊದಲು ಕೈಯಲ್ಲಿ ಎತ್ತಿ ನೋಡುವುದು ಪದ್ಧತಿ. ನನ್ನ ಅಮ್ಮ ಹಗುರವಾದ ಚೆಂಬನ್ನು ಮುಟ್ಟಿದರೆ ಅಂಗಡಿಯವನ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದಳು. ಆ ಕಣ್ಣಲ್ಲೇ ನಾವು ದುರ್ಬೀನನ್ನೂ ನೋಡಿದೆವು. ದೊಡ್ಡದನ್ನು ತಾರಸಿಗೆ ಒಯ್ದು, ಮೊಣಕೈಯನ್ನು ಮೋಟುಗೋಡೆಗೆ ಊರಿ, ದೂರದ ಮಸೀದಿಯ ಮಿನಾರಿನ ಮೇಲೆ ಕೂತಿದ್ದ ಪಾರಿವಾಳದ ಕಣ್ಣನ್ನು ಕಂಡು ಧನ್ಯರಾದೆವು. ಬೇಟೆಗಾರ ನಡೆಯುತ್ತಾನೆ, ಮರಳುಗಾಡಿನಲ್ಲಿ ಮೋಟುಗೋಡೆ ಇರುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಧಣಿಯೂ ಅದನ್ನು ಎತ್ತಿ ನೋಡಿ ತಲೆದೂಗಿದರು. ಮುಂದಿನ ಶುಕ್ರವಾರ ನನ್ನನ್ನೂ ಕರೆದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರ ಕುತ್ತಿಗೆ ಬಾಗಿತು. "ಆರಿಸಿದವನು ನೀನು, ಹೊರುವವನೂ ನೀನೇ," ಎಂದು ಪಟ್ಟಿಯನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ಮುಂದೆ ಹೋಗಿ ಒಂದು ದಿಬ್ಬ ಹತ್ತಿ, ಏದುಸಿರು ಬಿಡುತ್ತ ಅದನ್ನು ನನ್ನಿಂದ ತೆಗೆದುಕೊಂಡು ಕಣ್ಣಿಗಿಟ್ಟರು. ಇಪ್ಪತ್ತು ಪಟ್ಟು ಹಿಗ್ಗಿದ್ದು ಮೊಲವಲ್ಲ, ಅವರ ಕೈಯ ನಡುಕ. ಇಡೀ ಮರಳುಗಾಡು ಕುಣಿಯುತ್ತಿದೆ ಎಂದು ಬೈದರು. ನಾಯಿ ಅಷ್ಟು ಹೊತ್ತಿಗೆ ಮೊಲವನ್ನು ಬರಿಗಣ್ಣಿನಿಂದಲೇ ಕಂಡು, ನಮ್ಮ ಅಪ್ಪಣೆಗೆ ಕಾದು, ಬೇಸತ್ತು ಮಲಗಿತ್ತು.

ಆಗ ಧಣಿಗೆ ಒಂದು ಉಪಾಯ ಹೊಳೆಯಿತು. ನನ್ನನ್ನು ಮುಂದೆ ನಿಲ್ಲಿಸಿ, ದುರ್ಬೀನನ್ನು ನನ್ನ ಹೆಗಲ ಮೇಲಿಟ್ಟು ನೋಡಿದರು. "ಉಸಿರು ಬಿಡಬೇಡ!" ನಾನು ಉಸಿರು ಹಿಡಿದೆ. ಎಲ್ಲವೂ ನಿಚ್ಚಳವಾಯಿತಂತೆ. ಅಂದಿನಿಂದ ನಾನು ಸೇಲ್ಸ್‌ಮನ್ ಅಲ್ಲ, ಮೋಟುಗೋಡೆ. ಶುಕ್ರವಾರ ಬಂತೆಂದರೆ ಗೋಡೆ ಧಣಿಯ ಹಿಂದೆ ನಡೆಯುತ್ತಿತ್ತು, ದಿಬ್ಬ ಬಂದಾಗ ಮುಂದೆ ನಿಲ್ಲುತ್ತಿತ್ತು. ಒಂದು ಮೊಲವೂ ಸಿಗಲಿಲ್ಲ. ನಾನು ಉಸಿರು ಕಟ್ಟುವುದರೊಳಗೆ ಅವು ಊಟ ಮುಗಿಸಿ ಮನೆಗೆ ಹೋಗಿರುತ್ತಿದ್ದವು.

ಧೈರ್ಯ ಮಾಡಿ ಒಂದು ದಿನ ವೀಸಾದ ಮಾತೆತ್ತಿದೆ. ಧಣಿ ಬಹಳ ಹೊತ್ತು ನನ್ನ ಹೆಗಲನ್ನೇ ನೋಡಿದರು.

"ಹೆಂಡತಿ ಬಂದ ಮೇಲೆ ಶುಕ್ರವಾರ ನೀನು ಬರುತ್ತೀಯಾ?"

"ಕೆಲವು ಶುಕ್ರವಾರ..." ಎಂದು ಶುರುಮಾಡಿದೆ. ಅವರು "ಬುಕ್ರಾ" ಎಂದರು.

ಆ ರಾತ್ರಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೇ ಆರಿಸಿದ ಕಬ್ಬಿಣದ ತುಂಡು ನನ್ನ ಸಂಸಾರದ ಮೇಲೆ ಕೂತಿತ್ತು. ಫಿಟ್ಟರನ ಮೇಲೆ ಕೂಗಾಡಿದೆ. ಅವನು ಚಾ ಕುಡಿಯುತ್ತ, "ನಾನು ಭಾರ ನೋಡಿದ್ದು ಹೌದು. ನಿನ್ನನ್ನು ಗೋಡೆ ಆಗು ಅಂತ ಹೇಳಿದ್ನಾ?" ಎಂದ.

ಮರುದಿನ ಅಂಗಡಿಯ ಕೆಳಗಿನ ಖಾನೆಯಿಂದ ಆ ಚಿಕ್ಕ ಆಟಿಕೆಯನ್ನು ಹೊರತೆಗೆದೆ. ಶುಕ್ರವಾರ ದಿಬ್ಬದ ಮೇಲೆ ಧಣಿಯ ಕೊರಳಿಗೆ ಅದನ್ನು ಹಾಕಿ ನಾನು ಪಕ್ಕಕ್ಕೆ ಸರಿದೆ. ಅವರು ಮುಖ ಸಿಂಡರಿಸಿ ಕಣ್ಣಿಗಿಟ್ಟರು. ಮರಳುಗಾಡು ಕುಣಿಯಲಿಲ್ಲ. ಒಣಗಿದ ಪೊದೆಯ ಪಕ್ಕ ಒಂದು ಮೊಲ ಕಿವಿ ಕೆರೆದುಕೊಳ್ಳುತ್ತಿತ್ತು. ಧಣಿ ಸಣ್ಣ ಮಗುವಿನಂತೆ ನಕ್ಕರು, ಅದು ಕೆರೆದು ಮುಗಿಸುವವರೆಗೂ ನೋಡಿದರು, ನಾಯಿಯನ್ನು ಬಿಡಲು ಮರೆತೇಬಿಟ್ಟರು. ಶನಿವಾರ ಕೇಳದೆಯೇ ಸಹಿ ಹಾಕಿದರು. ದೊಡ್ಡ ದುರ್ಬೀನನ್ನು ನನ್ನ ಕಡೆಗೆ ತಳ್ಳಿ, "ಇದು ನಿನಗೆ, ಹೇಗೂ ಅಭ್ಯಾಸವಾಗಿದೆ," ಎಂದರು.

ಹೆಂಡತಿ ಬರುವ ದಿನ ಅದನ್ನೇ ಕೊರಳಿಗೆ ಹಾಕಿಕೊಂಡು ಫಿಟ್ಟರನ ಜೊತೆ ವಿಮಾನ ನಿಲ್ದಾಣಕ್ಕೆ ಹೋದೆ. ವಿಮಾನದ ಏಣಿ ಕಾಣುವ ಗಾಜಿನ ಕಿಟಕಿಯೊಂದಿತ್ತು. ಕಣ್ಣಿಗಿಟ್ಟರೆ ಕೈ ನಿಲ್ಲಲಿಲ್ಲ. ಇಳಿಯುತ್ತಿದ್ದ ಹೆಂಗಸರೆಲ್ಲ ಕುಣಿಯುತ್ತಿದ್ದರು. ಅವರಲ್ಲಿ ನನ್ನವಳು ಯಾರೆಂದು ತಿಳಿಯಲಿಲ್ಲ. ಫಿಟ್ಟರನನ್ನು ಮುಂದೆ ನಿಲ್ಲಿಸಿ ಅವನ ಹೆಗಲ ಮೇಲಿಟ್ಟೆ. "ಉಸಿರು ಬಿಡಬೇಡ," ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ. ಹೆಗಲು ಗಡಗಡ ಅಲುಗಿತು. ಕೊನೆಗೂ ನನಗೆ ಏನೂ ಕಾಣಲಿಲ್ಲ, ಕಣ್ಣಲ್ಲಿ ನೀರು ಬೇರೆ ತುಂಬಿತ್ತು.

ಅವಳು ಹೊರಗೆ ಬಂದು ನನ್ನೆದುರು ನಿಂತಳು. ನನ್ನ ಕೊರಳಿನತ್ತ ನೋಡಿ, "ಇದೆಂತ?" ಎಂದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡೂ ಕೈಯಲ್ಲಿ ಹಿಡಿದು ಎತ್ತಿ ನೋಡಿದಳು.

"ಒಳ್ಳೇ ಭಾರ ಉಂಟಲ್ಲ," ಎಂದು ಮೆಚ್ಚಿಕೊಂಡಳು. "ಒಳ್ಳೇದೇ ತಕೊಂಡಿದ್ದೀರಿ."