ಕೋಟಿನ ಜೊತೆ ಫೋನನ್ನೂ ಕಾಯುವ ವಿದೋಸಾವಾ

ಬೆಳಗಿನ ಆರೂವರೆ. ನೀಶ್ ನಗರದ ಮೇಲೆ ಮಂಜು ಇನ್ನೂ ಕವಿದಿದೆ. ವಿದ್ಯಾರ್ಥಿ ಗ್ರಂಥಾಲಯದ ನೆಲಮಹಡಿಯಲ್ಲಿ ವಿದೋಸಾವಾ ಕಾಫಿಗೆ ನೀರಿಟ್ಟು ಬಾಗಿಲು ತೆರೆಯುತ್ತಾರೆ. ಓದಲು ಬಂದವರ ಕೋಟು ತೆಗೆದಿಟ್ಟು ನಂಬರಿನ ಬಿಲ್ಲೆ ಕೊಡುವುದು ಅವರ ಕೆಲಸ.

“ಕೋಟು ಬಂತು. ಇನ್ನೊಂದೆಲ್ಲಿ?” ಎಂದು ಕೈ ಚಾಚುತ್ತಾರೆ.

“ಇದೇನು ಜೈಲಾ ಅತ್ತೆ?” ಹುಡುಗಿಯೊಬ್ಬಳು ಗೊಣಗುತ್ತಲೇ ಫೋನ್ ಕೊಡುತ್ತಾಳೆ.

“ಜೈಲಾಗಿದ್ರೆ ನಿಂಗೆ ಕಾಫಿ ಕೊಡ್ತಿದ್ನಾ? ನಡಿ, ನಡಿ.”

ವಿದೋಸಾವಾ ದುಡಿಯುತ್ತಿದ್ದ ಬಟ್ಟೆ ಗಿರಣಿ ಮುಚ್ಚಿ ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದ ಇಲ್ಲೇ ನಿಂತು ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಸಾಕಿದ್ದಾರೆ. ಸಂಜೆಯಾದರೆ ಕಾಲು ಊದಿಕೊಳ್ಳುತ್ತದೆ.

ಫೋನ್ ಕಾಯುವ ಕೆಲಸವನ್ನು ಅವರಿಗೆ ಯಾರೂ ಹೇಳಿದ್ದಲ್ಲ. ಎರಡು ಚಳಿಗಾಲದ ಹಿಂದೆ ಓಗ್ನೆನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದೇ ವಿಷಯದಲ್ಲಿ ಮೂರು ಸಲ ನಪಾಸಾಗಿದ್ದ. ಇನ್ನೊಮ್ಮೆ ತಪ್ಪಿದರೆ ಸರ್ಕಾರಿ ಸೀಟು ಕೈಬಿಡುತ್ತಿತ್ತು. ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟ.

“ದಿನವಿಡೀ ಕೂತ್ಕೋತೀನಿ ಅತ್ತೆ, ಮೂರು ಪುಟ ಮುಗಿಯಲ್ಲ. ಕೈ ತಾನಾಗೇ ಫೋನಿಗೆ ಹೋಗುತ್ತೆ.”

“ಹಂಗಾದ್ರೆ ಕೊಡಿಲ್ಲಿ” ಎಂದರು ಇವರು.

“ಮೊದಲ ದಿನ ಒಂಬತ್ತು ಸಲ ಇಳಿದು ಬಂದ. ಸಿಗರೇಟು ಬಿಟ್ಟವರು ಒದ್ದಾಡ್ತಾರಲ್ಲ, ಹಂಗೆ. ‘ಒಂದೇ ನಿಮಿಷ’ ಅಂತಾನೆ! ಊಟದ ಹೊತ್ತಿಗೆ ಬಾ ಅಂತ ಓಡಿಸ್ದೆ” ಎಂದು ನಗುತ್ತಾರೆ. ಎರಡನೆಯ ವಾರದಲ್ಲಿ ಅವನು ಬರುತ್ತಿದ್ದುದು ಊಟದ ಹೊತ್ತಿಗೆ ಮಾತ್ರ. ಅವನನ್ನು ನೋಡಿ ಗೆಳೆಯರೂ ಫೋನ್ ತಂದುಕೊಟ್ಟರು. ವಿದೋಸಾವಾ ಹಳೆಯ ಪರದೆ ಕತ್ತರಿಸಿ ಪುಟ್ಟ ಚೀಲಗಳನ್ನು ಹೊಲಿದರು. ಈಗ ದಿನಕ್ಕೆ ಅರವತ್ತರಷ್ಟು ಫೋನುಗಳು ಇಲ್ಲಿಗೆ ಬರುತ್ತವೆ. ಮನೆಯಿಂದ ಮತ್ತೆ ಮತ್ತೆ ಕರೆ ಬಂದರೆ ಇವರೇ ಮಹಡಿ ಹತ್ತಿ ಮುಟ್ಟಿಸಿ ಬರುತ್ತಾರೆ.

ಅಂತರ್ಜಾಲದ ಮೇಲೆ ಅವರಿಗೆ ಸಿಟ್ಟೇನಿಲ್ಲ. “ಅದ್ರಲ್ಲೇ ಪಾಠ ಕೇಳ್ತಾರೆ, ತಿಳೀದಿದ್ದನ್ನ ತಿಳ್ಕೋತಾರೆ. ಬೈಯೋಕೆ ನಾನ್ಯಾರು? ಮಧ್ಯಾಹ್ನ ಬಿಡಿಸ್ಕೊಂಡು ಹೋಗಿ, ಬೇಕಾದ್ದು ನೋಡಿ, ತಾವಾಗೇ ತಂದುಕೊಡ್ತಾರೆ. ತಾವಾಗೇ, ಗೊತ್ತಾಯ್ತಾ?”

ಆ ಚಳಿಗಾಲ ಕಳೆದು ಜೂನ್‌ನಲ್ಲಿ, ಎದುರಿನ ಕಾಲೇಜಿನಲ್ಲಿ ಓಗ್ನೆನ್‌ನ ಮೌಖಿಕ ಪರೀಕ್ಷೆ ನಡೆಯಿತು. ಹತ್ತಕ್ಕೆ ಎಂಟು ಎಂದು ಪ್ರಾಧ್ಯಾಪಕರು ಅಲ್ಲೇ ಹೇಳಿದರು. ಅವನು ಬೀದಿ ದಾಟಿ ಏದುಸಿರು ಬಿಡುತ್ತ ನೇರವಾಗಿ ಇಲ್ಲಿಗೆ ಓಡಿಬಂದ.

ಹಾಗಾದರೆ ಅವನು ಪಾಸಾಗಿದ್ದು ನಿಮ್ಮಿಂದಲೇ ಅಲ್ಲವೇ ಎಂದು ಕೇಳಿದೆ. ವಿದೋಸಾವಾ ಕೈಯಾಡಿಸಿ ತಳ್ಳಿಹಾಕಿದರು.

“ಓದಿದ್ದು ಅವನು. ಆದ್ರೆ ಒಂದು ಹೇಳ್ತೀನಿ, ಹೆತ್ತಮ್ಮನಿಗಿಂತ ಮೊದಲು ಗೊತ್ತಾಗಿದ್ದು ನಂಗೇ. ಫೋನು ನನ್ನ ಹತ್ರ ಇತ್ತಲ್ಲ!”