ಹೆಬ್ಬೆರಳೇ ಆಗಬೇಕು

ಮೂಡಲಗಿ ಹತ್ತಿರದ ಸಣ್ಣ ನೂಲಿನ ಗಿರಣಿಯೊಂದಕ್ಕೆ ಬೆರಳಚ್ಚಿನ ಹಾಜರಿ ಯಂತ್ರ ಕೂಡಿಸಿದ್ದೆ. ನಾಲ್ಕನೆಯ ದಿನವೇ ದೂರು ಬಂತು. ಕಲ್ಲೋಳಿಯಿಂದ ಬರುವ ಶಾಂತವ್ವ ಎಂಬ ಕೆಲಸಗಾರ್ತಿಯ ಹೆಬ್ಬೆರಳನ್ನು ಯಂತ್ರ ಒಪ್ಪುತ್ತಿರಲಿಲ್ಲ. ಮೂರು ದಿನ ದುಡಿದರೂ ಆಕೆ ಗೈರುಹಾಜರು. ನಾನು ಹೋದಾಗ, ಇವತ್ತೂ ಹಾಗಾದರೆ ಹೆಸರು ತೆಗೆಯುತ್ತೇನೆಂದು ಮ್ಯಾನೇಜರ್ ಕೂತಿದ್ದರು.

“ನೀ ಬಂದಿಲ್ಲಂತ ಮಷೀನ ಹೇಳಾಕತ್ತೈತಿ.”

“ಹಂಗಾರ ಸಾಹೇಬ್ರ, ಇಷ್ಟೊತ್ತನಕ ಯಾರಿಗಿ ಬೈಯಾಕತ್ತೀರಿ?” ಎಂದಳು ಶಾಂತವ್ವ.

ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನಷ್ಟೇ ಈ ಯಂತ್ರ ಹೋಲಿಸುತ್ತದೆ. ಹರಿದ ನೂಲನ್ನು ವರ್ಷಗಟ್ಟಲೆ ಹೊಸೆದು ಜೋಡಿಸಿದ ಆಕೆಯ ಹೆಬ್ಬೆರಳಲ್ಲಿ ಗೆರೆಗಳೇ ಸವೆದಿದ್ದವು. ಉಂಗುರ ಬೆರಳು ಚೆನ್ನಾಗಿತ್ತು. ಅದನ್ನೇ ದಾಖಲಿಸೋಣ ಎಂದೆ.

“ಹೆಬ್ಬಟ್ಟ ಒತ್ತೂದು ಪದ್ಧತಿ ರೀ. ಉಂಗುರ ಬೆರಳ ಒತ್ತಿದ ಕಾಗದ ಎಲ್ಲೆರ ನೋಡೀರೇನು? ಕೋರ್ಟಿನ್ಯಾಗ ನಿಲ್ಲತೈತೇನು?” ಎಂದರು ಮ್ಯಾನೇಜರ್.

ದಿನದ ಹಾಜರಿಗೆ ಕೋರ್ಟು ಯಾಕೆ ಬಂತೋ ಅವರಿಗೇ ಗೊತ್ತು. ಯಂತ್ರಕ್ಕೆ ಎಲ್ಲ ಬೆರಳೂ ಒಂದೇ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಅವರು ಚಹಾಕ್ಕೆ ಹೋದಾಗ ಉಂಗುರ ಬೆರಳನ್ನು ದಾಖಲಿಸಿದೆ. ಹಸಿರು ದೀಪ ಹತ್ತಿತು. ಶಾಂತವ್ವ ಕೆಲಸಕ್ಕೆ ಒಳಗೆ ಹೋದಳು.

ಮರಳಿ ಬಂದ ಮ್ಯಾನೇಜರ್ ಹಾಜರಿಯಲ್ಲಿ ಆಕೆಯ ಹೆಸರು ನೋಡಿ ಖುಷಿಯಾದರು. “ಇಷ್ಟ ಕೆಲಸ ಇತ್ತು. ಸುಮ್ನ ಬೆರಳಿನ ಪುರಾಣ ಹೇಳಾಕತ್ತಿದ್ರಿ. ಮಷೀನ ರಿಪೇರಿ ಆತಲ್ಲ?”

ಕೆಲಸದ ಚೀಟಿಯಲ್ಲಿ ‘ಯಂತ್ರದಲ್ಲಿ ದೋಷವಿರಲಿಲ್ಲ’ ಎಂದು ಬರೆದುಕೊಟ್ಟೆ. ಅವರು ಓದದೇ ಸಹಿ ಹಾಕಿದರು. ದೋಷ ಯಾರಲ್ಲಿತ್ತು ಎಂದು ತುಂಬುವ ಅಂಕಣವನ್ನು ನಮ್ಮ ಕಂಪನಿ ಇನ್ನೂ ಅಚ್ಚು ಹಾಕಿಸಿರಲಿಲ್ಲ.