ದೆಲ್ಮಾ ಎರವಲು ಕೊಟ್ಟ ಬಾವುಟ

ಬೆರಿಸ್ಸೊ ಊರಿನಲ್ಲಿ ದೆಲ್ಮಾ ಸಿಕಾರ್ಡಿಯನ್ನು ಅರಿಯದವರಿಲ್ಲ. ಅರವತ್ತೊಂದು ವರ್ಷ, ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ಬಾಯಿ. ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಮೂವತ್ತು ವರ್ಷದಿಂದ ಇಸ್ತ್ರಿ ಮಾಡುತ್ತಾಳೆ. ಆದರೆ ಊರು ಅವಳನ್ನು ಗುರುತಿಸುವುದು ಇಸ್ತ್ರಿಯಿಂದಲ್ಲ, ಬಾವುಟದಿಂದ. ರಾಕ್ ಕಾರ್ಯಕ್ರಮಕ್ಕೆಂದು ಇಲ್ಲಿಂದ ಬಸ್ಸು ಹೊರಟಿತೆಂದರೆ ಹಿಂದಿನ ಸೀಟಿನಲ್ಲಿ ಸುತ್ತಿಟ್ಟ ಬಾವುಟ, ಅದರ ಪಕ್ಕದಲ್ಲಿ ದೆಲ್ಮಾ. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಒಮ್ಮೆ ಕೂತವನೊಬ್ಬ ದಾರಿಯುದ್ದಕ್ಕೂ ನಿಂತುಕೊಂಡೇ ಹೋಗಬೇಕಾಯಿತು.

ಆ ಬಾವುಟ ಹನ್ನೆರಡು ಮೀಟರ್ ಉದ್ದ. ಆರು ಹಾಸಿಗೆ ಹೊದಿಕೆಗಳನ್ನು ಸೇರಿಸಿ ಹೊಲಿದದ್ದು. ಎರಡು ಅವಳ ಮದುವೆಯವು, ಒಂದು ಅತ್ತೆಗೆ ಹೇಳದೆ ಎತ್ತಿಕೊಂಡು ಬಂದದ್ದು. ‘ಬೆರಿಸ್ಸೊ ಇಲ್ಲಿದೆ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದವನು ಅವಳ ಗಂಡ ಅಮಾಡೆಯೊ. ಹಡಗು ಕಟ್ಟುವಲ್ಲಿ ಬೆಸುಗೆಯ ಕೆಲಸ ಅವನದು. ಹಡಗಿನ ತಳಕ್ಕೆ ಬಳಿಯುವ ಕಪ್ಪು ಬಣ್ಣವನ್ನೇ ತಂದು ಬಳಿದಿದ್ದ, ಹಾಗಾಗಿ ಎಷ್ಟು ಮಳೆ ಬಿಸಿಲಿಗೂ ಅದು ಜಗ್ಗಲಿಲ್ಲ. ಒಂಬತ್ತು ವರ್ಷದ ಹಿಂದೆ ಅವನು ತೀರಿಕೊಂಡಾಗ ದೆಲ್ಮಾ ಅವನ ನೀಲಿ ಕೆಲಸದಂಗಿಯನ್ನು ಕತ್ತರಿಸಿ, ಅದರಲ್ಲೇ ಅವನ ಹೆಸರಿನ ಅಕ್ಷರಗಳನ್ನು ಮಾಡಿ, ಬಾವುಟದ ಕೆಳಗಿನ ಬಲಮೂಲೆಗೆ ಕೈಯಲ್ಲೇ ಹೊಲಿದಳು. ಸಮಾಧಿಯ ಹತ್ತಿರ ಅವಳು ಹೋಗುವುದು ಕಡಿಮೆ. ಕಲ್ಲಿನ ಮುಂದೆ ನಿಂತು ಏನು ಮಾತಾಡುವುದು? ಕಾರ್ಯಕ್ರಮದಲ್ಲಿ ಮೊದಲ ಹಾಡು ಶುರುವಾಗುತ್ತಲೇ ಸಾವಿರ ಕೈಗಳ ಮೇಲೆ ಅವನ ಹೆಸರು ಬಿಚ್ಚಿಕೊಳ್ಳುತ್ತದಲ್ಲ, ಅವಳಿಗೆ ಅದು ಸಾಕಿತ್ತು.

ಬಾವುಟಕ್ಕೆ ಇಲ್ಲಿ ಕಟ್ಟುಪಾಡುಗಳಿವೆ. ಅದು ನೆಲ ಮುಟ್ಟಬಾರದು. ಕಾಯುವವರ ಮನೆಯಲ್ಲೇ ಇರಬೇಕು, ಹೊರಗೆ ಹೋದರೆ ಅವರೊಂದಿಗೇ ಹೋಗಬೇಕು. ಯಾರೇ ಕೇಳಲಿ, ವೇದಿಕೆಯ ಮೇಲಿನವರೇ ಇಳಿದು ಬಂದು ಕೇಳಲಿ, ಕೊಡಬಾರದು. ಅಮಾಡೆಯೊ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದ: “ಬಾವುಟ, ಹಲ್ಲುಜ್ಜೋ ಬ್ರಷ್ಷು, ಇವೆರಡನ್ನ ಎರವಲು ಕೊಡಬಾರದು ಕಣೆ.”

ಗಂಡಹೆಂಡತಿ ಇಬ್ಬರೂ ಪ್ರಾಣ ಬಿಡುತ್ತಿದ್ದದ್ದು ‘ಕಾಬೊ ಸುಯೆಲ್ಟೊ’ ಎಂಬ ತಂಡಕ್ಕೆ. ಅದರ ಡ್ರಮ್ಮರ್ ಬೆಟೊ ಲುಕೊವಿಚ್ ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವನು. ಎದುರುಮನೆಯ ಪೋಚಾ ಮಾತ್ರ ‘ಬಾಲ್ಸಾ’ ತಂಡದವಳು. ಎರಡು ತಂಡಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆ ಕಾರಣಕ್ಕೇ ಪೋಚಾ ಮತ್ತು ದೆಲ್ಮಾ ಹತ್ತು ವರ್ಷ ಒಂದು ಹಿಡಿ ಉಪ್ಪನ್ನೂ ಕೊಟ್ಟು ತೆಗೆದುಕೊಂಡಿರಲಿಲ್ಲ. ಆಮೇಲೆ ಎರಡೂ ತಂಡಗಳು ಒಡೆದವು. ನಾಲ್ಕು ವರ್ಷದ ಹಿಂದೆ ಕಾಬೊದ ಬೆಟೊ, ಬಾಲ್ಸಾದ ಹಾಡುಗಾರ, ಇನ್ನೆರಡು ದೊಡ್ಡ ತಂಡಗಳ ಗಿಟಾರಿನವರು ಒಟ್ಟಾಗಿ ಹೊಸ ತಂಡ ಕಟ್ಟಿ ‘ಲೋಸ್ ಕೊನ್ಸುಯೆಗ್ರೊಸ್’ ಎಂದು ಹೆಸರಿಟ್ಟರು. ಬೀಗರು ಎಂದರ್ಥ. ಬೈದಾಡಿಕೊಂಡವರೇ ಸಂಬಂಧ ಬೆಳೆಸಿದರೆ ಇನ್ನೇನು ಹೆಸರಿಡುತ್ತಾರೆ! ಮೊದಲ ಆಲ್ಬಮ್ ಬಂದ ದಿನ ಪೋಚಾ ರಸ್ತೆ ದಾಟಿ ಬಂದು, “ಏನ್ ಬೀಗಿತ್ತಿ, ಮಾಟೆ ಕಾಯಿಸಿದೀಯೇನೆ?” ಎಂದಳು. ಅಂದಿನಿಂದ ಇಬ್ಬರೂ ಒಂದೇ ಕುಡಿಕೆಯಲ್ಲಿ ಮಾಟೆ ಎಲೆಯ ಕಹಿ ಕಷಾಯ ಹೀರುತ್ತಾರೆ, ದಿನಕ್ಕೆ ಒಂದಾದರೂ ಜಗಳ ತೆಗೆಯುತ್ತಾರೆ.

ಈ ಮಾರ್ಚಿ ತಿಂಗಳ ಭಾನುವಾರವೊಂದರಲ್ಲಿ ಬೆಟೊ ಸಿಹಿ ಬನ್ನಿನ ಪೊಟ್ಟಣ ಹಿಡಿದು ದೆಲ್ಮಾಳ ಮನೆಗೆ ಬಂದ. ಐವತ್ತು ದಾಟಿದರೂ ಅವಳ ಮುಂದೆ ಅವನು ಹುಡುಗನೇ. ಅಮಾಡೆಯೊನನ್ನು ಅಣ್ಣ ಎನ್ನುತ್ತಿದ್ದವನು, ಈ ಮೇಜಿನಲ್ಲಿ ಎಷ್ಟು ಸಲ ಉಂಡಿದ್ದನೋ ಲೆಕ್ಕವಿಲ್ಲ.

“ಅತ್ತಿಗೆ, ಎರಡನೇ ಆಲ್ಬಮ್ ಮುಗೀತು,” ಎಂದ. “ಮುಖಪುಟಕ್ಕೆ ನಮ್ಮ ಫೋಟೋ ಬೇಡ ಅಂತ ಎಲ್ಲರೂ ತೀರ್ಮಾನ ಮಾಡಿದೀವಿ. ನಮ್ಮ ಮೂತಿ ಯಾರು ನೋಡ್ತಾರೆ? ನಿಮ್ಮ ಬಾವುಟ ಹಾಕಣ ಅಂತ.”

ದೆಲ್ಮಾಳ ಕೈಯಲ್ಲಿದ್ದ ಕುಡಿಕೆ ಅಲ್ಲೇ ನಿಂತಿತು. “ಫೋಟೋಗಾರನ್ನ ಇಲ್ಲಿಗೇ ಕರ್ಕೊಂಬಾ.”

“ಹನ್ನೆರಡು ಮೀಟರ್ ಈ ಅಡಿಗೆಮನೇಲಿ ಎಲ್ಲಿ ಹಾಸ್ತೀರಿ ಅತ್ತಿಗೆ? ನಾನೇ ತಗೊಂಡ್ಹೋಗ್ತೀನಿ. ನಾನೇನು ಹೊರಗಿನವನಾ?”

ದೆಲ್ಮಾಳಿಗೆ ಗಂಡನ ಬ್ರಷ್ಷಿನ ಮಾತು ನೆನಪಾಯಿತು. ಜೊತೆಗೇ ಅಂಗಡಿಯ ಕಿಟಕಿಯಲ್ಲಿ, ಜನರ ಕೈಯಲ್ಲಿ, ಕಾಣದ ಊರುಗಳ ಮನೆಗಳಲ್ಲಿ ಅಮಾಡೆಯೊನ ಹೆಸರು ಕಂಡಂತಾಯಿತು. ಆಸೆ ಎನ್ನುವುದು ಎಂಥ ಬುದ್ಧಿವಂತಳ ಕಣ್ಣನ್ನೂ ಕಟ್ಟುತ್ತದೆ, ದೆಲ್ಮಾಳದ್ದಂತೂ ಕಟ್ಟಿತು. “ಅವರ ಹೆಸರು ಕಾಣಬೇಕು. ಕತ್ತರಿಸಿ ಗಿತ್ತರಿಸಿ ಅರ್ಧ ಫೋಟೋ ಹಾಕಿದ್ರೋ, ನಿನ್ನ ಚರ್ಮ ಸುಲೀತೀನಿ,” ಎಂದಳು.

“ಅಮ್ಮನಾಣೆ. ಹೆಸರು ಕಂಡೇ ಕಾಣತ್ತೆ.”

ಬಾವುಟ ಅವನ ಕಾರಿನ ಹಿಂದೆ ಕೂತು ಹೊರಟಿತು. ದೆಲ್ಮಾ ಪಕ್ಕದಲ್ಲಿರಲಿಲ್ಲ.

ಆಮೇಲೆ ಕಾಯುವುದು ಶುರುವಾಯಿತು. ಆಲ್ಬಮ್ ಜೂನಿಗೆ ಎಂದರು, ಜೂನಾದ ಮೇಲೆ ಆಗಸ್ಟ್ ಎಂದರು. ಅಂಗಡಿಗೆ ಅಂಗಿ ತಂದವರಿಗೂ ಪರದೆ ತಂದವರಿಗೂ ದೆಲ್ಮಾ ಡಂಗುರ ಸಾರಿಬಿಟ್ಟಿದ್ದಳು. “ಬೀಗರ ಹೊಸ ಆಲ್ಬಮ್ ಮೇಲೆ ನಮ್ಮ ಯಜಮಾನರು ಬರ್ತಾರೆ” ಎಂದು ಎಷ್ಟು ಸಲ ಹೇಳಿದಳೆಂದರೆ, ಹೊಸಬನೊಬ್ಬ ಅವಳ ಗಂಡ ಇನ್ನೂ ಬದುಕಿದ್ದಾನೆಂದೇ ತಿಳಿದಿದ್ದ. ಗಂಡನ ಫೋಟೋದ ಪಕ್ಕ ಗೋಡೆಗೆ ಒಂದು ಮೊಳೆ ಹೊಡೆದು, ಮುಖಪುಟಕ್ಕೆ ಚೌಕಟ್ಟನ್ನೂ ಮಾಡಿಸಿಟ್ಟಳು. ಬೆಟೊಗೆ ಫೋನು ಮಾಡಿ ಬಾವುಟ ಯಾವಾಗ ಬರುತ್ತದೆ ಎಂದು ಕೇಳಿದಾಗೆಲ್ಲ ಅವನದು ಒಂದೇ ಉತ್ತರ: “ಭದ್ರವಾಗಿದೆ ಅತ್ತಿಗೆ, ಕಂಪನಿಯವರ ಹತ್ರ ಇದೆ.” ಕೊನೆಕೊನೆಗೆ ಅವನು ಫೋನು ಎತ್ತುವುದೂ ಕಡಿಮೆಯಾಯಿತು.

“ದೊಡ್ಡ ಮನುಷ್ಯ ಆಗ್ಬಿಟ್ಟ,” ಎಂದಳು ಪೋಚಾ.

“ಆಲ್ಬಮ್ ಕೆಲಸ ಇರುತ್ತೆ ಕಣೆ. ನಿಮ್ಮ ಬಾಲ್ಸಾದವನ ಹಾಗೆ ಮಲಗಿರ್ತಾನಾ?” ಎಂದು ದೆಲ್ಮಾ ಅವನನ್ನೇ ವಹಿಸಿಕೊಂಡಳು.

ಅಕ್ಟೋಬರಿನ ಒಂದು ಶನಿವಾರ ಆಲ್ಬಮ್ ಬಂತು. ಲಾ ಪ್ಲಾಟಾ ನಗರದ ರೆಕಾರ್ಡು ಅಂಗಡಿಯಲ್ಲಿ ಬೆಟೊನೇ ಕೂತು ಸಹಿ ಹಾಕಿಕೊಡುತ್ತಾನೆಂದು ಸುದ್ದಿ. ದೆಲ್ಮಾ ತಲೆಗೂದಲು ಸೆಟ್ ಮಾಡಿಸಿಕೊಂಡು, ಚೌಕಟ್ಟನ್ನು ಚೀಲದಲ್ಲಿಟ್ಟುಕೊಂಡು, ಪೋಚಾಳೊಂದಿಗೆ ಬೆಳಗಿನ ಬಸ್ಸು ಹತ್ತಿದಳು. ಸಾಲು ಆಗಲೇ ಮೂಲೆ ತಿರುಗಿತ್ತು. ಒಳಗೆ ಹೋಗಿ ಆಲ್ಬಮಿನ ಪೆಟ್ಟಿಗೆಯೊಂದನ್ನು ಕೊಂಡು, ಸಹಿಯ ಸಾಲಿನಲ್ಲಿ ನಿಂತು ನೋಡುತ್ತಾರೆ, ಮುಖಪುಟದ ತುಂಬ ಬಾವುಟ! ಕಪ್ಪು ಅಕ್ಷರಗಳು ಎದ್ದು ಬಂದಂತಿದ್ದವು. ಆದರೆ ಕೆಳಗಿನ ಬಲಮೂಲೆಯಲ್ಲಿ, ಸರಿಯಾಗಿ ಅಲ್ಲಿಯೇ, ಬಂಗಾರದ ಬಣ್ಣದ ದುಂಡನೆಯ ಚೀಟಿ ಅಂಟಿಸಿದ್ದರು.

“ಮುಚ್ಚಿಬಿಟ್ಟಿದಾರೆ ಕಣೇ!” ಎಂದಳು ದೆಲ್ಮಾ. ಉಗುರು ಹಾಕಿ ಚೀಟಿಯನ್ನು ಮೆಲ್ಲಗೆ ಕಿತ್ತಳು. ಕೆಳಗೆ ನೀಲಿ ಅಕ್ಷರಗಳು. ಒಂದೂ ಬಿಟ್ಟಿರಲಿಲ್ಲ. ಅಮಾಡೆಯೊ.

ಅವಳು ಅಲ್ಲೇ ಅತ್ತಳು. ಹಿಂದೆ ನಿಂತವರಿಗೆಲ್ಲ ತೋರಿಸಿ, ಪೋಚಾಳ ಕಡೆ ತಿರುಗಿದಳು. “ನೋಡಿದ್ಯಾ? ಕಂಡೇ ಕಾಣತ್ತೆ ಅಂದಿದ್ದ, ಮಾತು ಉಳಿಸ್ಕೊಂಡ. ನೀನು ಸುಮ್ನೆ ಹುಡುಗನ್ನ ಆಡ್ಕೊಂಡೆ.”

ಕಿತ್ತ ಚೀಟಿಯನ್ನು ಪೋಚಾ ತನ್ನ ಬೆರಳಿಗೆ ಅಂಟಿಸಿಕೊಂಡು ಓದುತ್ತಿದ್ದಳು. ಒಮ್ಮೆ ಓದಿ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದಳು. ಜೀವನದಲ್ಲಿ ಮೊದಲ ಸಲ ಅವಳಿಗೆ ದೆಲ್ಮಾಳೊಂದಿಗೆ ಜಗಳ ಬೇಡವಾಗಿತ್ತು.

“ಏನೇ ಬರ್ದಿದಾರೆ?”

“ಬೇಡ ಬಾರೆ, ಮನೆಗೆ ಹೋಗಣ.”

ದೆಲ್ಮಾ ಚೀಟಿ ಕಿತ್ತುಕೊಂಡು ಓದಿದಳು. ‘ವಿಶೇಷ ಪೆಟ್ಟಿಗೆ, ಆರುನೂರು ಮಾತ್ರ. ಪ್ರತಿಯೊಂದರಲ್ಲೂ ಅಸಲಿ ಬಾವುಟದ ಒಂದು ತುಂಡು.’

ಓದಿದ್ದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಪೆಟ್ಟಿಗೆ ಬಿಚ್ಚಿದಳು. ರೆಕಾರ್ಡಿನ ಮೇಲೆ ಒಂದು ಪಾರದರ್ಶಕ ಲಕೋಟೆ, ಅದರೊಳಗೆ ಗೇಣಗಲದ ಬಿಳಿ ಬಟ್ಟೆ. ಬಟ್ಟೆಯ ನಡುವೆ ಒಂದು ಹೊಲಿಗೆ. ಮದುವೆಯ ಹೊದಿಕೆಗೂ ಅತ್ತೆಯ ಹೊದಿಕೆಗೂ ತಾನೇ ಹಾಕಿದ ಜೋಡು ಹೊಲಿಗೆ ಅದು. ಮೂವತ್ತು ವರ್ಷ ಬಟ್ಟೆಯನ್ನೇ ಮುಟ್ಟಿದ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಚುಗಳನ್ನು ಯಂತ್ರದಲ್ಲಿ ಕತ್ತರಿಸಿದ್ದರು, ಒಂದು ದಾರವೂ ಎದ್ದಿರಲಿಲ್ಲ.

ಸುತ್ತ ಎಲ್ಲರೂ ತಂತಮ್ಮ ತುಂಡು ತೆಗೆದು ಹೋಲಿಸಿಕೊಳ್ಳುತ್ತಿದ್ದರು.

“ನಂಗೆ ಬರೀ ಬಿಳಿ ಮಾರಾಯ. ನಿಂಗೆ?”

“ಕಪ್ಪು! ಬಣ್ಣದ ವಾಸನೆ ಇನ್ನೂ ಇದೆ, ನೋಡು.”

“ಲೋ, ನಂಗೆ ನೀಲಿ ಬಂತು ಕಣ್ರೋ! ಎಲ್ಲೋ ಕೆಲವು ಪೆಟ್ಟಿಗೇಲಿ ಮಾತ್ರ ಇದೆಯಂತೆ!” ಎಂದು ಹೊಟ್ಟೆ ಬಂದ ಗಡ್ಡದವನೊಬ್ಬ ಲಕೋಟೆಯನ್ನು ತಲೆಯ ಮೇಲೆ ಹಿಡಿದು ಕುಣಿದ. ಕೆಲಸದಂಗಿಯ ಬಟ್ಟೆ. ಬೆಸುಗೆಯ ಕಿಡಿ ಬಿದ್ದು ಸುಟ್ಟ ಚಿಕ್ಕ ತೂತೂ ಅದರಲ್ಲಿತ್ತು. ದೆಲ್ಮಾ ಅವನ ತೋಳು ಹಿಡಿದಳು.

“ನನ್ನದು ತಗೊಂಡು ಅದನ್ನ ನಂಗೆ ಕೊಡಪ್ಪ.”

“ಅಯ್ಯೋ, ಏನ್ ಕೇಳ್ತಿದೀರಮ್ಮ! ಇದನ್ನ ನಮ್ಮಮ್ಮ ಕೇಳಿದ್ರೂ ಕೊಡಲ್ಲ,” ಎಂದು ನಕ್ಕ. ಕೆಟ್ಟವನಲ್ಲ, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಪೋಚಾ ಜಗಳಕ್ಕೆ ಬಾಯಿ ತೆರೆದಳು. ದೆಲ್ಮಾ ಅವಳನ್ನು ಹಿಂದಕ್ಕೆಳೆದಳು. ಜಗಳವಾಡಬೇಕಾದವನು ಅವನಲ್ಲ.

ಸಾಲು ಮುಂದೆ ಸರಿಯಿತು. ಮೇಜಿನ ಹಿಂದೆ ಬೆಟೊ ತಲೆ ತಗ್ಗಿಸಿ ಸಹಿ ಹಾಕುತ್ತಿದ್ದ. ಅವಳ ಪೆಟ್ಟಿಗೆಯನ್ನೂ ಎಳೆದುಕೊಂಡು, ಮುಖ ನೋಡದೆಯೇ, “ಯಾರ ಹೆಸರಿಗೆ ಬರೀಲಿ?” ಎಂದ.

“ಅಮಾಡೆಯೊಗೆ ಅಂತ ಬರಿ.”

ಪೆನ್ನು ಹೆಸರಿನ ನಡುವೆ ನಿಂತಿತು. ಬೆಟೊ ಎದ್ದು ನಿಂತ. “ಅತ್ತಿಗೇ! ಫೋನ್ ಮಾಡಿದ್ರೆ ಹಿಂದಿನ ಬಾಗಿಲಿಂದ ಕರ್ಕೋತಿದ್ನಲ್ಲ... ನೋಡಿದ್ರಾ? ಹೆಸರು ಕಾಣತ್ತೆ, ಅಲ್ವಾ?”

“ಕಾಣತ್ತೆ.”

“ಕಂಪನಿಯವರ ಯೋಚನೆ ಅದು. ನಾನೂ ಮೊದಲು ಬೇಡ ಅಂದೆ. ಆಮೇಲೆ ಅನ್ನಿಸ್ತು, ಗೌರವ ಅಲ್ವಾ? ಒಂದು ಮನೇಲಿ ಸುತ್ತಿಟ್ಟಿದ್ದು ಈಗ ಆರುನೂರು ಮನೇಲಿ ಇರತ್ತೆ. ಅಣ್ಣ ಇದ್ದಿದ್ರೆ ಖುಷಿ ಪಡ್ತಿದ್ದ.”

“ಅಣ್ಣ ಅನ್ನಬೇಡ,” ಎಂದಳು ದೆಲ್ಮಾ. ದನಿ ಏರಿಸಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಬೈಯುವವಳು ಆ ದಿನ ಬೈಯಲಿಲ್ಲ, ಅದಕ್ಕೇ ಅವನ ಮುಖ ಬಿಳಿಚಿಕೊಂಡಿತು. “ನಂಗೆ ಅಂತ ಎಷ್ಟು ಎತ್ತಿಟ್ಟೆ?”

ಬೆಟೊ ಪೆನ್ನಿನ ಮುಚ್ಚಳ ಹಾಕಿದ. ಸುಳ್ಳು ಹೇಳಲೂ ಆಗಲಿಲ್ಲ. “ಹೊಳೀಲೇ ಇಲ್ಲ ಅತ್ತಿಗೆ,” ಎಂದ.

ಅವಳಿಗೆ ನಿಜಕ್ಕೂ ಚೂರಿ ಹಾಕಿದ್ದು ಆ ಮಾತು. ಕಂಪನಿಯವರಿಗೆ ಅವಳು ಯಾರೋ ಏನೋ, ಅವರು ಕತ್ತರಿಸಲಿ. ಇವನು ಅವಳ ಮೇಜಿನಲ್ಲಿ ಉಂಡವನು, ಅಮಾಡೆಯೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಇವನಿಗೆ ಒಂದು ಅಕ್ಷರ ಎತ್ತಿಡಬೇಕೆಂದು ಹೊಳೆಯಲಿಲ್ಲ. ಅವಳು ಪೆಟ್ಟಿಗೆಯನ್ನು ಎತ್ತಿಕೊಂಡಳು. ಅದರ ಮೇಲೆ ಅರ್ಧ ಬರೆದ ಹೆಸರಿತ್ತು. ಹಿಂದಿನವರು ಬೇಗ, ಬೇಗ ಎಂದು ಕೂಗುತ್ತಿದ್ದರು.

ಮಧ್ಯಾಹ್ನವೇ ಮನೆ ಸೇರಿದರು. ಪೋಚಾ ಮಾಟೆ ಕಾಯಿಸಿದಳು. ದೆಲ್ಮಾ ರೆಕಾರ್ಡನ್ನು ಹಾಕಿಯೇ ಹಾಕಿದಳು. ಏಳು ತಿಂಗಳು ಕಾದಿದ್ದಳಲ್ಲ. ಹಾಡುಗಳು ಚೆನ್ನಾಗಿದ್ದವು, ಮೊದಲ ಆಲ್ಬಮಿಗಿಂತ ಎಷ್ಟೋ ಚೆನ್ನಾಗಿದ್ದವು. ಬೆಟೊ ಇಷ್ಟು ಚೆನ್ನಾಗಿ ಯಾವತ್ತೂ ಬಾರಿಸಿರಲಿಲ್ಲ. ಒಂದಾದರೂ ಕೆಟ್ಟ ಹಾಡಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಕೇಳುತ್ತ ಕೇಳುತ್ತ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು. ಆ ಕಾಲಿನ ಮೇಲೂ ಅವಳಿಗೆ ಸಿಟ್ಟು ಬಂತು.

ಎರಡನೆಯ ಬದಿ ಮುಗಿದಾಗ ಎದ್ದು, ಇಸ್ತ್ರಿಪೆಟ್ಟಿಗೆ ಕಾಯಿಸಿ, ಲಕೋಟೆಯ ತುಂಡನ್ನು ತೆಗೆದು ಮಡಿಕೆ ಹೋಗುವ ಹಾಗೆ ತೀಡಿದಳು.

“ಅವನ ಮನೆ ಹಾಳಾಗ,” ಎಂದಳು ಪೋಚಾ. “ಡಿಸೆಂಬರಿನ ಶೋನಲ್ಲಿ ಊರಿನವರೆಲ್ಲ ಸೇರಿ ಅವನಿಗೆ ಉಗಿಯಣ. ಊರಿಗೇ ನಾಮ ಹಾಕಿದಾನೆ. ನೀನ್ಯಾಕೆ ಒಂದು ಮಾತೂ ಬೈಯದೆ ಬಂದೆ?”

ದೆಲ್ಮಾ ಗೋಡೆಯ ಖಾಲಿ ಮೊಳೆಯನ್ನೂ ಅದರ ಪಕ್ಕದ ಫೋಟೋವನ್ನೂ ನೋಡಿದಳು. ಫೋಟೋದಲ್ಲಿ ಅಮಾಡೆಯೊ ಅದೇ ನೀಲಿ ಅಂಗಿ ತೊಟ್ಟಿದ್ದ.

“ಕತ್ತರಿ ಹಾಕಿದ್ದು ಅವರು ಕಣೆ ಪೋಚಾ,” ಎಂದಳು. “ಕೊಡಬೇಡ ಅಂತ ಇವರು ನಂಗೇ ಹೇಳಿದ್ರು. ಕೊಟ್ಟಿದ್ದು ನಾನು.”